ಬೋರಲಿಟ್ಟ ಮೂರು ಲೋಟ

ಏಪ್ರಿಲ್ 9, ಮಂಗಳವಾರ

ಕೋರ್ಟಿನ ಕಾಗದ ಬಂತು. ತಂದವನು ಶೆರಿಫ್ ಕಚೇರಿಯ ಡೆನಿಸ್. ಮೊದಲು ಕೌಂಟರಿನ ಮುಂದೆ ಕೂತು ಒಂದು ಬಟ್ಟಲು ಬಟಾಣಿ ಸೂಪು ಕುಡಿದ, ಬಾಯಿ ಒರೆಸಿಕೊಂಡ, ಆಮೇಲೆ ಜಾಕೆಟ್ಟಿನ ಒಳಗಿಂದ ಲಕೋಟೆ ತೆಗೆದ.

"ಸೂಪ್ ಚೆನ್ನಾಗಿತ್ತು ಮಾರ್ಲಿಸ್. ಇದನ್ನ ತಗೋ. ನನ್ನ ಬೈಕೋಬೇಡ, ನಾನು ಬರೀ ತಂದುಕೊಡೋನು."

"ಮೊದ್ಲೇ ಕೊಟ್ಟಿದ್ರೆ ಸೂಪಿಗೆ ಉಪ್ಪು ಜಾಸ್ತಿ ಬೀಳ್ತಿತ್ತು ಅಂತ ಕಾಯ್ತಿದ್ಯಾ?" ಅಂದೆ. ಅವನು ನಕ್ಕ. ನಾನೂ ನಕ್ಕೆ.

ಬ್ರಿಟಾ ರೌಟಿಯೊ ನನ್ನ ಬಾರಿನ ಮೇಲೆ ದಾವೆ ಹೂಡಿದ್ದಾಳೆ. ಫೆಬ್ರವರಿ ಹದಿನಾರರ ಶುಕ್ರವಾರ ಲಾಯ್ಡ್ ಎಂಗ್‌ಸ್ಟ್ರಾಮ್ ನನ್ನಲ್ಲಿ ಕುಡಿದು ಹೊರಟವನು, ಸಂಜೆ ಆರೂವರೆಗೆ ಸರೋವರದ ರಸ್ತೆಯ ತಿರುವಿನಲ್ಲಿ ತನ್ನ ಪಿಕಪ್ಪನ್ನು ಅವಳ ಕಾರಿಗೆ ಗುದ್ದಿದ. ಅವಳ ಬಲಗೈ ನಜ್ಜುಗುಜ್ಜಾಯಿತು. ಬ್ರಿಟಾ ಈ ಊರಿನ ಹೆಂಗಸರ ಕೂದಲು ಕತ್ತರಿಸುವವಳು. ಎರಡು ಆಪರೇಷನ್ ಆದರೂ ಕತ್ತರಿ ಹಿಡಿಯಲು ಆಗುತ್ತಿಲ್ಲವಂತೆ. ಅಯ್ಯೋ ಪಾಪ ಅನಿಸುತ್ತದೆ. ಆದರೆ ಪಾಪ ಅನ್ನುವುದು ಬೇರೆ, ತಪ್ಪು ನನ್ನದು ಅನ್ನುವುದು ಬೇರೆ.

ಈ ರಾಜ್ಯದ ಕಾನೂನನ್ನು ನನಗೆ ಯಾರೂ ಓದಿ ಹೇಳಬೇಕಾಗಿಲ್ಲ. ಅಮಲೇರಿದ್ದು ಕಣ್ಣಿಗೆ ಕಾಣುವಂತಿದ್ದರೂ ಅವನಿಗೆ ಮತ್ತೆ ಮಾರಿದರೆ, ಅವನು ಹೊರಗೆ ಹೋಗಿ ಮಾಡುವ ಅನಾಹುತಕ್ಕೆ ಮಾರಿದವರೂ ಹೊಣೆ. ಮೂವತ್ತೆಂಟು ವರ್ಷದಿಂದ ಬಾರು ನಡೆಸುತ್ತಿದ್ದೇನೆ, ಅದರಲ್ಲಿ ಗಂಡ ರೇನೊ ತೀರಿಕೊಂಡ ಮೇಲಿನ ಹನ್ನೆರಡು ವರ್ಷ ಒಬ್ಬಳೇ. ಆ ಕಾನೂನಿನಡಿ ಒಂದು ದಿನವೂ ನನ್ನ ಹೆಸರು ಬಂದಿಲ್ಲ.

ಆ ದಿನ ನಾನು ಲಾಯ್ಡಿಗೆ ಮಾರಿದ್ದು ನಾಲ್ಕೇ ಬಿಯರು, ಅದೂ ಮಧ್ಯಾಹ್ನ ಎರಡರಿಂದ ಆರರೊಳಗೆ. ಎದ್ದ, ಕೋಟು ಹಾಕಿಕೊಂಡ, ನೆಟ್ಟಗೆ ನಡೆದು ಹೋದ. ಇಷ್ಟೇ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವಳು ನಾನಲ್ಲ.

ಏಪ್ರಿಲ್ 11, ಗುರುವಾರ

ವಿಮೆ ಕಂಪನಿಯವರು ನನಗೊಬ್ಬ ವಕೀಲನನ್ನು ಕೊಟ್ಟಿದ್ದಾರೆ. ಹೆಸರು ಟ್ರೆವರ್, ಡುಲೂತ್‌ನಲ್ಲಿ ಆಫೀಸು. ಫೋನಿನಲ್ಲಿ ದನಿ ಎಳೆಯದು.

"ಮಿಸೆಸ್ ಹೌತಲಾ, ಈ ಕೇಸಿನ ವಿಷ್ಯ ಯಾರ ಹತ್ರಾನೂ ಮಾತಾಡ್ಬೇಡಿ. ಗಿರಾಕಿಗಳ ಹತ್ರ, ನೆಂಟರ ಹತ್ರ, ಯಾರ ಹತ್ರಾನೂ."

"ಅಪ್ಪಾ, ನಾನು ನಡೆಸ್ತಿರೋದು ಬಾರು. ಮೌನವ್ರತಕ್ಕೆ ಚರ್ಚ್ ಎದುರುಗಡೆ ಇದೆ."

ಅವನು ನಗಲಿಲ್ಲ. ನಗುವುದಕ್ಕೂ ಗಂಟೆಗೆ ಇಷ್ಟು ಎಂದು ಕಂಪನಿಗೆ ಬಿಲ್ಲು ಹಾಕಬೇಕೇನೋ. ಇರಲಿ, ಬಾಯಿಗೆ ಬೀಗ ಹಾಕಿಕೊಂಡಿದ್ದೇನೆ. ಅದಕ್ಕೇ ಈ ಡೈರಿಯಲ್ಲಿ ಕೈ ಓಡುತ್ತಿದೆ.

ಏಪ್ರಿಲ್ 26, ಶುಕ್ರವಾರ

ಟ್ರೆವರ್‌ನನ್ನು ನೋಡಿ ಬಂದೆ. ಹುಟ್ಟಿ ಬೆಳೆದದ್ದು ಅರಿಜೋನದಲ್ಲಂತೆ. ಹಿಮವೆಂದರೆ ಕ್ಯಾಲೆಂಡರಿನ ಚಿತ್ರ ಅಂದುಕೊಂಡಿದ್ದವನು. ಅವನಿಗೆ ನಮ್ಮ ಬಾರಿನ ರೀತಿ ರಿವಾಜು ಒಂದನೇ ತರಗತಿಯಿಂದ ಹೇಳಿಕೊಡಬೇಕಾಯಿತು.

ಆ ಶುಕ್ರವಾರ ಲಾಯ್ಡ್ ನಿವೃತ್ತನಾದ ದಿನ. ಮೂವತ್ತೊಂದು ವರ್ಷ ಕೌಂಟಿಯ ಲಾರಿಯಲ್ಲಿ ಹಿಮ ತಳ್ಳಿದವನು. ಅವನು ಬೆಳಗಿನ ಜಾವ ನಾಲ್ಕಕ್ಕೆ ಹೊರಡದಿದ್ದರೆ ಈ ಊರಿನ ಒಂದು ಮಗುವೂ ಶಾಲೆಗೆ ಹೋಗುತ್ತಿರಲಿಲ್ಲ. ಹಾಗಾಗಿ ಬಂದವರೆಲ್ಲ ಅವನಿಗೊಂದು ಬ್ರಾಂಡಿ ಕೊಡಿಸುವವರೇ. ಅವನ ಗೆಳೆಯ ಆರ್ನಿ ಒಬ್ಬನೇ ಮೂರು ಕೊಡಿಸಿದ.

"ಒಟ್ಟು ಎಷ್ಟು?"

"ಒಂಬತ್ತು."

"ನೀವು ನಾಲ್ಕು ಬಿಯರ್ ಅಂದಿದ್ರಿ."

"ಅವನಿಗೆ ಮಾರಿದ್ದು ನಾಲ್ಕು. ಇವು ಆರ್ನಿಗೆ, ಉಳಿದವ್ರಿಗೆ ಮಾರಿದ್ದು. ಸರಿಯಾಗಿ ಕೇಳಿಸ್ಕೋ."

ಒಬ್ಬನ ಕೈಯಲ್ಲಿ ಇನ್ನೂ ಲೋಟವಿರುವಾಗಲೇ ಇನ್ನೊಬ್ಬ ಅವನಿಗೆ ಕೊಡಿಸಿದರೆ, ನಾವು ಆಗಲೇ ಹೊಯ್ಯುವುದಿಲ್ಲ. ಅವನ ಮುಂದೆ ಒಂದು ಖಾಲಿ ಪೆಗ್ ಲೋಟ ಬೋರಲಾಗಿ ಇಡುತ್ತೇವೆ. ನಿನಗೊಂದು ಬರಬೇಕಾದ್ದಿದೆ ಎಂಬುದರ ಗುರುತು ಅದು. ಬೇಕಾದಾಗ ಅವನು ಲೋಟ ತಿರುಗಿಸುತ್ತಾನೆ, ನಾವು ಹೊಯ್ಯುತ್ತೇವೆ. ದುಡ್ಡು ಕೊಟ್ಟಾಗಿದೆ, ಮಾತು ಕೊಟ್ಟಾಗಿದೆ. ಬೋರಲಿಟ್ಟ ಲೋಟಕ್ಕೆ ಹೊಯ್ಯುವುದಿಲ್ಲ ಅನ್ನುವ ಬಾರಿಗೆ ಮಾರನೆಯ ದಿನ ನೊಣವೂ ಬರುವುದಿಲ್ಲ.

ಆಮೇಲೆ ನನ್ನ ಬ್ರಹ್ಮಾಸ್ತ್ರ ಬಿಟ್ಟೆ. ಐದೂವರೆಗೆ ಲಾಯ್ಡ್ ಆರು ಬ್ರಾಂಡಿ ಮುಗಿಸಿದ್ದ, ಮೂರು ಲೋಟ ಬೋರಲಾಗಿದ್ದವು. ಇನ್ನೊಂದು ಬಿಯರು ಕೇಳಿದ. "ಇವತ್ತಿಗೆ ಸಾಕು ಲಾಯ್ಡ್, ಇನ್ನು ನಿನಗೆ ಮಾರಲ್ಲ" ಅಂದೆ. ಅವನು ಬೆರಳಿನಿಂದ ಮೂರೂ ಲೋಟ ತಟ್ಟಿ, "ಬೇಡ ಬಿಡು. ಇವನ್ನೇನೂ ನೀನು ಮಾರ್ಬೇಕಾಗಿಲ್ವಲ್ಲ, ಆಗಲೇ ಮಾರಿಬಿಟ್ಟಿದೀಯ" ಅಂದ. ಸರಿಯಾದ ಮಾತು. ಆ ಮೂರನ್ನು ನಾನು ಮಾರಿದ್ದು ಮೂರು ಗಂಟೆಗೆ, ಆಗ ಅವನು ಪಾದ್ರಿಯಷ್ಟೇ ಸ್ವಸ್ಥ. ಐದೂವರೆಗೆ ನಾನು ಅವನ ಸ್ವತ್ತನ್ನು ಅವನಿಗೆ ಕೊಟ್ಟೆ ಅಷ್ಟೆ. ಕಾನೂನು ಕೇಳುವುದು ಮಾರಿದ್ದನ್ನು ತಾನೆ?

ಟ್ರೆವರ್ ಚಪ್ಪಾಳೆ ತಟ್ಟುತ್ತಾನೆ ಅಂದುಕೊಂಡಿದ್ದೆ. ಅವನು ಪೆನ್ನು ಕೆಳಗಿಟ್ಟ.

"ಮಾರೋದು, ಕೊಡೋದು, ಹೊಯ್ಯೋದು, ಕೋರ್ಟಿಗೆ ಎಲ್ಲಾ ಒಂದೇ. ಅದಿರ್ಲಿ. ಐದೂವರೆಗೆ ಮಾರಲ್ಲ ಅಂದ್ರಲ್ಲ, ಯಾಕೆ?"

"ಯಾಕೆ ಅಂದ್ರೆ?"

"ಯಾಕೆ ಸಾಕು ಅಂದ್ರಿ?"

ವಿತಂಡವಾದಿ. ಅವನಿಗೆ ಉತ್ತರ ಕೊಡುವ ಗೋಜಿಗೆ ಹೋಗಲಿಲ್ಲ.

"ಆ ಮಾತು ಬೇರೆ ಯಾರಾದ್ರೂ ಕೇಳಿಸ್ಕೊಂಡ್ರಾ?" ಅಂದ. ಇಲ್ಲ, ಶುಕ್ರವಾರ ನಾವು ಮಾಂಸ ಬಹುಮಾನವಿಟ್ಟು ಆಡಿಸುವ ಲಾಟರಿಯ ಚಕ್ರದ ಸದ್ದಿನಲ್ಲಿ ಪಕ್ಕದವರ ಮಾತು ಪಕ್ಕದವರಿಗೆ ಕೇಳುತ್ತಿರಲಿಲ್ಲ. ಲಾಯ್ಡ್ ಪೊಲೀಸರಿಗೆ ತನಗೇನೂ ನೆನಪಿಲ್ಲ ಎಂದು ಹೇಳಿದ್ದಾನಂತೆ.

"ಹಾಗಾದ್ರೆ ನಿಮಗೆ ಅದು ನಿಜವಾಗ್ಲೂ ನೆನಪಿದೆಯಾ ಅಂತ ನಿಧಾನವಾಗಿ ಯೋಚ್ನೆ ಮಾಡಿ, ಮಿಸೆಸ್ ಹೌತಲಾ. ಎರಡು ತಿಂಗಳ ಹಿಂದಿನ ಮಾತು. ಮನುಷ್ಯರ ನೆನಪು ಅಲ್ವಾ."

ಸುಳ್ಳು ಹೇಳು ಎಂದು ಹೇಳಲಿಲ್ಲ. ಅಡ್ಡಗೋಡೆಯ ಮೇಲೆ ದೀಪ ಇಡುವುದನ್ನು ಎಲ್ಲಿ ಕಲಿಸುತ್ತಾರೋ.

ಮೇ 19, ಭಾನುವಾರ

ಚರ್ಚ್ ಮುಗಿದ ಮೇಲೆ ನೆಲಮಾಳಿಗೆಯಲ್ಲಿ ಕಾಫಿ. ನಾನು ನಿಂಬೆ ಬಿಸ್ಕತ್ತು ಒಯ್ದಿದ್ದೆ. ಮೆಟ್ಟಿಲಿಳಿದರೆ ಕಂಡದ್ದು ಆ ಹುಡುಗಿ, ಬ್ರಿಟಾ. ಬಲಗೈಗೆ ಕಪ್ಪು ಪಟ್ಟಿ, ಬೆರಳುಗಳು ಹೊರಗೆ, ಒಂದೊಂದು ಒಂದೊಂದು ದಿಕ್ಕಿಗೆ. ಎಡಗೈಯಲ್ಲಿ ಕಾಫಿ ಕಪ್ಪು ಹಿಡಿದು, ಬಿಸ್ಕತ್ತಿಗೆ ಇನ್ನೊಂದು ಕೈ ಇಲ್ಲದೆ ಸುಮ್ಮನೆ ನಿಂತಿದ್ದಳು. ಯಾರಿಗೂ ಅದು ಹೊಳೆಯಲಿಲ್ಲ. ನನಗೆ ಹೊಳೆಯಿತು, ಇಂಥದ್ದು ನನ್ನ ಕಣ್ಣಿಗೆ ಬೀಳದೆ ಇರುವುದಿಲ್ಲ. ಆದರೆ ನಾನು ಹೋಗಿ ಕೊಡುವುದು ಹೇಗೆ? ಕೇಸು ನಡೆಯುತ್ತಿದೆ.

ನನ್ನ ಸುತ್ತ ನಾಲ್ಕು ಜನ ಸೇರಿಕೊಂಡರು. ಆರ್ನಿ ದೊಡ್ಡ ದನಿಯಲ್ಲಿ, "ಮಾರ್ಲಿಸ್, ನೀನು ತಲೆ ಕೆಡಿಸ್ಕೋಬೇಡ. ಯಾರಿಗೆ ಗೊತ್ತಾಯ್ತು ಹೇಳು? ನನಗೆ ಗೊತ್ತಾಗ್ಲಿಲ್ಲ, ಅಲ್ಲಿದ್ದ ನಲವತ್ತು ಜನಕ್ಕೂ ಗೊತ್ತಾಗ್ಲಿಲ್ಲ. ಲಾಯ್ಡ್ ಕಲ್ಲು ಇದ್ದ ಹಾಗಿದ್ದ" ಅಂದ. ಅವಳಿಗೆ ಕೇಳಿಸಲಿ ಎಂದೇ ಅಂದದ್ದು. ಅವಳು ಕಪ್ಪು ಇಟ್ಟು ಹೊರಟಳು.

ಆರ್ನಿ ಒಳ್ಳೆಯವನು. ಊರೆಲ್ಲ ನನ್ನ ಕಡೆ. ಮನಸ್ಸಿಗೆ ಹಾಯೆನಿಸಿತು.

ಕೂದಲು ಬಹಳ ಬೆಳೆದಿತ್ತು. ಆರು ವಾರಕ್ಕೊಮ್ಮೆ ಅವಳೇ ಕತ್ತರಿಸುತ್ತಿದ್ದದ್ದು. ಪಕ್ಕದ ಊರಿಗೆ ಹೋಗಿ ಬಂದೆ, ಹತ್ತು ಡಾಲರು ಹೆಚ್ಚು ಕೊಟ್ಟು ಕುರಿಯ ಹಾಗೆ ಕಾಣುವಂತೆ ಮಾಡಿಸಿಕೊಂಡು ಬಂದಿದ್ದೇನೆ.

ಜೂನ್ 14, ಶುಕ್ರವಾರ

ಮೀನು ಹಿಡಿಯುವವರ ಸುಗ್ಗಿ. ಕಾಲಿಡಲು ಜಾಗವಿಲ್ಲ. ಬರೆಯಲು ಪುರುಸೊತ್ತಿಲ್ಲ, ಬರೆಯುವಂಥದ್ದೂ ಏನಿಲ್ಲ.

ಇಬ್ಬರಿಗೆ ಸಾಕು ಅಂದು ಕಾರಿನ ಕೀಲಿ ಕಸಿದುಕೊಂಡೆ. ಒಬ್ಬ ನನ್ನನ್ನು ಮುದಿ ಗೂಬೆ ಅಂದ. ಗೂಬೆಗೆ ಕತ್ತಲಲ್ಲೂ ಕಣ್ಣು ಕಾಣುತ್ತದೆ ಕಣಪ್ಪಾ ಅಂದೆ.

ಜುಲೈ 7, ಭಾನುವಾರ

ಲಾಯ್ಡನನ್ನು ನೋಡಲು ಕೌಂಟಿ ಜೈಲಿಗೆ ಹೋಗಿದ್ದೆ. ತಪ್ಪೊಪ್ಪಿಕೊಂಡು ಒಂದು ವರ್ಷದ ಶಿಕ್ಷೆ ಅನುಭವಿಸುತ್ತಿದ್ದಾನೆ. ತೆಳ್ಳಗಾಗಿದ್ದಾನೆ. ಕುಡಿಯದೆ ಅವನ ಮುಖದ ಕೆಂಪೆಲ್ಲ ಇಳಿದು, ಶಾಲೆಯ ದಿನಗಳ ಲಾಯ್ಡ್ ಕಾಣಿಸಿದ.

"ಕೂತ್ಕೋ ಮಾರಾಯ್ತಿ. ನಿನ್ನ ಹುರಿದ ಮೀನಿನ ವಾಸ್ನೆ ಬಟ್ಟೆ ಜೊತೆ ಬಂದಿದೆ. ಇದಕ್ಕೇ ಇವ್ರು ಎರಡು ವಾರ ಶಿಕ್ಷೆ ಜಾಸ್ತಿ ಮಾಡ್ತಾರೆ ನೋಡು."

"ಇಲ್ಲಿ ಊಟ ಹೇಗಿದೆಯೋ?"

"ಹಾಟ್‌ಡಿಶ್ ಅಂತ ಕೊಡ್ತಾರೆ. ಆಲೂಗಡ್ಡೆ ಕೆಳಗೆ ಮಾಂಸ ಹುಡುಕೋದೇ ಒಂದು ಹೊತ್ತು ಕಳೆಯೋ ಆಟ."

ಸ್ವಲ್ಪ ಹೊತ್ತು ಹೀಗೆಯೇ ನಡೆಯಿತು. ಆಮೇಲೆ ಅವನು ಮೇಜಿನ ಅಂಚು ನೋಡುತ್ತ ಕೇಳಿದ.

"ಮಾರ್ಲಿಸ್, ಒಂದು ಕೇಳ್ತೀನಿ. ಲಾಟರೀಲಿ ಹಂದಿತೊಡೆ ಬಂದದ್ದು ನೆನಪಿದೆ. ಆಮೇಲೆ ಎಲ್ಲಾ ಕತ್ತಲೆ. ಆದ್ರೆ ಒಂದೊಂದ್ಸಲ ನಿನ್ನ ದನಿ ಕೇಳಿದ ಹಾಗಾಗತ್ತೆ. ಸಾಕು ಲಾಯ್ಡ್ ಅಂತ. ನೀನು ಸಾಕು ಅಂದಿದ್ಯೇನೇ? ಅಂದಿದ್ರೂ ನಾನು ಕೇಳ್ಲಿಲ್ವಾ?"

"ಇಲ್ಲಪ್ಪ. ಹಾಗೇನೂ ಅನ್ಲಿಲ್ಲ. ನಿನ್ನ ಕನಸು."

"ಹಾಗಾದ್ರೆ ಸರಿ" ಅಂದ. ಆದರೆ ಹಗುರಾದವನ ಹಾಗೆ ಕಾಣಲಿಲ್ಲ.

ಅವನ ಸಮಾಧಾನಕ್ಕೆ ಹಾಗೆ ಹೇಳಿದ್ದು. ಹೇಳಿಯೂ ಕುಡಿದೆನಲ್ಲ ಎಂದು ಅವನು ಕೊರಗುವುದು ಬೇಡ. ದಾರಿಯುದ್ದಕ್ಕೂ ರೇಡಿಯೊ ಹಾಕಿಕೊಂಡು ಬಂದೆ. ಏನು ಬಂತೋ ಒಂದೂ ನೆನಪಿಲ್ಲ.

ಆಗಸ್ಟ್ 22, ಗುರುವಾರ

ಅಕ್ಟೋಬರ್ ಎಂಟಕ್ಕೆ ನನ್ನ ಹೇಳಿಕೆ. ಎದುರು ಪಕ್ಷದ ವಕೀಲರ ಮುಂದೆ ಪ್ರಮಾಣ ಮಾಡಿ ಉತ್ತರ ಕೊಡಬೇಕು, ಒಬ್ಬಾಕೆ ಕೂತು ಪ್ರತಿ ಅಕ್ಷರ ಬರೆದುಕೊಳ್ಳುತ್ತಾಳೆ. ಟ್ರೆವರ್ ಇವತ್ತು ತಾಲೀಮು ಮಾಡಿಸಲು ಬಾರಿಗೇ ಬಂದಿದ್ದ. ವಾಲಾಯ್ ಮೀನು ಹುರಿದು ಕೊಟ್ಟೆ, ಎರಡು ಸಲ ಹಾಕಿಸಿಕೊಂಡು ತಿಂದ. ಮೊದಲ ಸಲ ಅವನು ಮನುಷ್ಯನ ಹಾಗೆ ಕಂಡ.

ಲಾಯ್ಡನ ರಕ್ತದಲ್ಲಿದ್ದ ಅಮಲು ಕಾನೂನಿನ ಮಿತಿಯ ಮೂರು ಪಟ್ಟಂತೆ. ಆದರೂ ಕೆಲವರಿಗೆ ಎಷ್ಟು ಕುಡಿದರೂ ಹೊರಗೆ ಕಾಣುವುದಿಲ್ಲ, ನಮ್ಮ ವಾದ ನಿಂತಿರುವುದೇ ಅದರ ಮೇಲೆ ಅಂದ. ನಾನು ಹೇಳಬೇಕಾದ್ದು ಒಂದೇ ಸಾಲು: ಲಾಯ್ಡ್ ಎಂದಿನಂತೆಯೇ ಇದ್ದ, ನನಗೇನೂ ವ್ಯತ್ಯಾಸ ಕಾಣಲಿಲ್ಲ.

"ಹೇಳಿ ನೋಡೋಣ."

"ಲಾಯ್ಡ್ ಎಂದಿನ ಹಾಗೇ ಇದ್ದ. ನನಗೇನೂ..." ಅಷ್ಟಕ್ಕೆ ನಿಂತಿತು. "ಇದೆಂಥ ಮಾತು ಟ್ರೆವರ್? ಊರಲ್ಲಿ ಯಾರನ್ನಾದ್ರೂ ಕೇಳು. ಮನುಷ್ಯ ಕರವಸ್ತ್ರ ಮಡಿಸೋದು ನೋಡಿ ಎಷ್ಟು ಏರಿದೆ ಅಂತ ಹೇಳ್ತೀನಿ ನಾನು. ಬಾಗಿಲಿಂದ ಸ್ಟೂಲಿನ ತನಕ ಬರೋದ್ರಲ್ಲಿ ಹೇಳ್ತೀನಿ. ಕಾಣಲಿಲ್ಲ ಅಂದ್ರೆ ನಾನೇನು ಕುರುಡಿಯಾ?"

"ಆ ದಿನ ಜನ ಜಾಸ್ತಿ ಇದ್ರು. ನೀವು ಸುಸ್ತಾಗಿದ್ರಿ. ನಿಮಗೂ ಅರವತ್ಮೂರು."

ಅವನ ತಟ್ಟೆ ಕಸಿದುಕೊಳ್ಳಬೇಕೆನಿಸಿತು.

"ನೋಡಿ ಮೇಡಂ," ಅಂದ ಅವನು, ಈ ಸಲ ವಕೀಲನ ದನಿಯಲ್ಲಲ್ಲ, "ವಿಮೆ ಮೂರು ಲಕ್ಷ ಡಾಲರ್ ತನಕ ಕೊಡತ್ತೆ. ಅವ್ರು ಕೇಳ್ತಿರೋದು ಅದರ ಎರಡರಷ್ಟು. ಮಿಕ್ಕಿದ್ದು ಈ ಕಟ್ಟಡದಿಂದ ಬರಬೇಕಾಗತ್ತೆ. ನಿಮಗೆ ಕಣ್ಣು ಬೇಕೋ, ಬಾರು ಬೇಕೋ, ಒಂದು ಆರಿಸ್ಕೊಳ್ಳಿ."

ಆರಿಸಿಕೊಳ್ಳುವುದೇನು ಬಂತು. ಬಾರು ರೇನೊ ಕೈಯಾರೆ ಕಟ್ಟಿದ್ದು. ಮಹಡಿಯ ಮೇಲೆ ನನ್ನ ಮಂಚವಿದೆ. ಒಂದು ಸಾಲು, ಹೇಳಿದರಾಯಿತು.

ಸೆಪ್ಟೆಂಬರ್ 15, ಭಾನುವಾರ

ಅಂದು ಏನಾಯಿತೋ ಅದನ್ನು ಒಂದು ಸಲ ಅಚ್ಚುಕಟ್ಟಾಗಿ ಬರೆದುಕೊಂಡರೆ ಹೇಳಿಕೆಯ ದಿನ ತಡವರಿಸುವುದು ತಪ್ಪುತ್ತದೆ. ಈಗಾಗಲೇ ಬರೆದದ್ದೇ, ಸ್ವಲ್ಪ ವಿವರವಾಗಿ.

ಲಾಯ್ಡ್ ಬಂದದ್ದು ಎರಡಕ್ಕೆ. ಮೂರಕ್ಕೆ ಅವನ ಮುಂದೆ ಒಂಬತ್ತು ಲೋಟ ಸಾಲಾಗಿ ಬೋರಲು ಬಿದ್ದಿದ್ದವು. ಆರ್ನಿ ಅವುಗಳ ಪಕ್ಕ ಲಾಯ್ಡನ ಟೋಪಿ ಇಟ್ಟು ಫೋಟೊ ತೆಗೆದ.

ನಾಲ್ಕೂ ಮುಕ್ಕಾಲಿಗೆ ಮಾಂಸದ ಲಾಟರಿ ಶುರುವಾಯಿತು. ಹಂದಿತೊಡೆ ಲಾಯ್ಡಿಗೆ ಬಂತು. ಅದನ್ನು ಮಗುವಿನ ಹಾಗೆ ಎತ್ತಿಕೊಂಡು ಇಡೀ ಬಾರು ಸುತ್ತಿ, ಎಲ್ಲರಿಂದಲೂ ಅದಕ್ಕೆ ಮುತ್ತು ಕೊಡಿಸಿದ. ಲಾಯ್ಡ್ ಮಾತಿನ ಮಲ್ಲನಲ್ಲ. ಇಷ್ಟು ವರ್ಷದಲ್ಲಿ ಅವನು ಅಷ್ಟು ದೊಡ್ಡ ದನಿಯಲ್ಲಿ ನಕ್ಕದ್ದನ್ನು ನಾನು ಕೇಳಿರಲಿಲ್ಲ. ಚೆಲ್ಲಿದ ಬಿಯರನ್ನು ತೋಳಿನಿಂದ ಒರೆಸಿದ, ಒರೆಸಿದ್ದನ್ನೇ ಮತ್ತೆ ಒರೆಸಿದ.

ಐದೂವರೆಗೆ ನಾನು ಸಾಕು ಅಂದೆ. ಅವನು ಲೋಟ ತಟ್ಟಿದ. ಇಂಥ ಹೊತ್ತಿಗೆಂದೇ ಕೌಂಟರಿನ ಕೆಳಗೆ ಮರದ ಬಿಲ್ಲೆಗಳ ಡಬ್ಬಿ ಇಟ್ಟಿದ್ದೇನೆ. ಬೋರಲಿಟ್ಟ ಲೋಟಕ್ಕೊಂದು ಬಿಲ್ಲೆ ಕೊಟ್ಟು, ನಾಳೆ ಬಾ, ನಾಡಿದ್ದು ಬಾ ಅಂದರೆ ಯಾರ ಮಾನವೂ ಹೋಗುವುದಿಲ್ಲ. ಡಬ್ಬಿ ನನ್ನ ಮೊಣಕಾಲಿಗೆ ತಗಲುತ್ತಿತ್ತು. ಆದರೆ ಆರ್ನಿ ಮತ್ತು ಅವನ ಪಟಾಲಮ್ಮು ಲಾಯ್ಡ್ ಲಾಯ್ಡ್ ಎಂದು ಮೇಜು ಗುದ್ದುತ್ತಿದ್ದರು. ಅವತ್ತು ಅವನ ದಿನ. ನಾನು ಮೂರೂ ಹೊಯ್ದೆ. ಒಟ್ಟಿಗೇ ಹೊಯ್ದೆ, ಬೇಗ ಮುಗಿಸಿ ಹೋಗಲಿ ಎಂದು.

ಆರೂ ಕಾಲಿಗೆ ಎದ್ದ. ಕೋಟಿನ ತೋಳು ಸಿಗಲಿಲ್ಲ, ನಾನು ಹಿಡಿದೆ. ಬಾಗಿಲವರೆಗೆ ನೆಟ್ಟಗೇ ನಡೆದ, ಒಂದು ಕೈ ಗೋಡೆಯ ಮೇಲಿತ್ತು. ಬಾಗಿಲ ಹತ್ತಿರ ಕೀಲಿ ಕೆಳಗೆ ಬಿತ್ತು. ಬಗ್ಗಿದ, ಸಿಗಲಿಲ್ಲ. ಮತ್ತೆ ಬಗ್ಗಿದ. ನಾನು ಎತ್ತಿ ಅವನ ಅಂಗೈಯಲ್ಲಿಟ್ಟು ಬೆರಳು ಮಡಿಸಿದೆ. "ಹುಷಾರು ಕಣೋ" ಅಂದೆ.

ಹೀಗೆ. ಓದಿ ನೋಡಿದೆ. ಎಲ್ಲ ಕ್ರಮವಾಗಿ ಬಂದಿದೆ, ಅಕ್ಷರವೂ ಚೆನ್ನಾಗಿದೆ.

ಸೆಪ್ಟೆಂಬರ್ 16, ಸೋಮವಾರ

ನಿದ್ದೆ ಬರಲಿಲ್ಲ. ಸೆಕೆ.

ಅಕ್ಟೋಬರ್ 7, ಸೋಮವಾರ

ಬೂದು ಬಣ್ಣದ ಕೋಟು ಇಸ್ತ್ರಿ ಮಾಡಿಟ್ಟಿದ್ದೇನೆ. ಸಾಲು ಬಾಯಿಪಾಠವಾಗಿದೆ. ಬೆಳಗ್ಗೆ ಕನ್ನಡಿಯ ಮುಂದೆ ಐದು ಸಲ ಹೇಳಿದೆ, ಐದು ಸಲವೂ ಸಲೀಸಾಗಿ ಬಂತು. ನಾಳೆ ಮಧ್ಯಾಹ್ನದ ಹೊತ್ತಿಗೆ ಎಲ್ಲ ಮುಗಿದು, ಸಂಜೆ ನಾನು ಕೌಂಟರಿನ ಹಿಂದೆ ಇರುತ್ತೇನೆ.

ಅಕ್ಟೋಬರ್ 8, ಮಂಗಳವಾರ

ಮುಗಿಯಿತು. ಬರೆಯುತ್ತೇನೆ.

ಕೌಂಟಿಯ ಮುಖ್ಯ ಊರಿನಲ್ಲಿ ವಕೀಲರ ಕಚೇರಿ, ಉದ್ದ ಮೇಜು. ಎದುರು ಪಕ್ಷದ ಮಿಸ್ ಡೆಲಾನಿ ನನ್ನ ವಯಸ್ಸಿನವಳು, ಕನ್ನಡಕ ಮೂಗಿನ ತುದಿಯಲ್ಲಿ. ಜೋರು ಮಾಡುತ್ತಾಳೆ ಅಂದುಕೊಂಡಿದ್ದೆ, ಆದರೆ ಮೆತ್ತಗೆ ಮಾತಾಡುವವಳು. ಅವಳ ಪಕ್ಕದಲ್ಲಿ ಬ್ರಿಟಾ. ಪಟ್ಟಿ ಬಿಚ್ಚಿದ್ದಾರೆ. ಕೈಯನ್ನು ಮೇಜಿನ ಕೆಳಗೆ ಇಟ್ಟುಕೊಂಡಿದ್ದಳು.

ಮೊದಲ ಒಂದು ಗಂಟೆ ಹೆಸರು, ವಯಸ್ಸು, ಲೈಸೆನ್ಸು, ಎಷ್ಟು ಜನ ಕೆಲಸದವರು. ನಾನು ಪಟಪಟ ಹೇಳಿದೆ. ಟ್ರೆವರ್ ಒಮ್ಮೆ ತಲೆದೂಗಿದ.

"ನಿಮಗೆ ಎಷ್ಟು ವರ್ಷದ ಅನುಭವ ಮಿಸೆಸ್ ಹೌತಲಾ?"

"ಮೂವತ್ತೆಂಟು."

"ಇಷ್ಟು ವರ್ಷದಲ್ಲಿ, ಒಬ್ಬರಿಗೆ ಹೆಚ್ಚಾಗಿದೆ ಅಂತ ಗುರುತಿಸೋದು ಕಲಿತಿರ್ತೀರಿ."

"ನನ್ನಷ್ಟು ಚೆನ್ನಾಗಿ ಗುರುತಿಸೋರು ಈ ಕೌಂಟೀಲಿ ಇನ್ನೊಬ್ರಿಲ್ಲ." ಟ್ರೆವರ್ ಕೆಮ್ಮಿದ.

"ಹಾಗಾದ್ರೆ ಫೆಬ್ರವರಿ ಹದಿನಾರು, ಸಂಜೆ ಐದೂವರೆಗೆ, ಲಾಯ್ಡ್ ಎಂಗ್‌ಸ್ಟ್ರಾಮ್ ಹೇಗಿದ್ರು?"

ಸಾಲು ನಾಲಿಗೆಯ ತುದಿಯಲ್ಲೇ ಇತ್ತು. ಲಾಯ್ಡ್ ಎಂದಿನ ಹಾಗೇ ಇದ್ದ. ಬಾಯಿ ತೆರೆದೆ. ಬ್ರಿಟಾ ನನ್ನನ್ನು ನೋಡುತ್ತಿರಲಿಲ್ಲ. ಉತ್ತರ ಆಗಲೇ ಗೊತ್ತಿರುವವಳ ಹಾಗೆ ಕಿಟಕಿಯತ್ತ ತಿರುಗಿದ್ದಳು. ನನಗೆ ರೇಗಿತು. ನಿಜವಾಗಿ ರೇಗಿತು. ಮಾರ್ಲಿಸ್ ಹೌತಲಾಗೆ ಕಾಣಲಿಲ್ಲ ಎಂದು ಇವಳೂ ನಂಬಿ ಕೂತಿದ್ದಾಳಲ್ಲ.

"ಕುಡಿದಿದ್ದ" ಅಂದೆ.

ಬರೆದುಕೊಳ್ಳುತ್ತಿದ್ದಾಕೆಯ ಬೆರಳು ಒಂದು ಕ್ಷಣ ನಿಂತಿತು.

"ನಿಮಗೆ ಅದು ಕಾಣ್ತಿತ್ತಾ?"

"ನನಗೆ ಕಾಣದೆ ಇನ್ಯಾರಿಗೆ ಕಾಣತ್ತೆ? ಐದಕ್ಕೇ ಕಂಡಿತ್ತು. ಐದೂವರೆಗೆ ಸಾಕು ಅಂದೆ. ಅಂದ ಮೇಲೂ ಮೂರು ಹೊಯ್ದೆ."

ಟ್ರೆವರ್ ಸ್ವಲ್ಪ ವಿರಾಮ ಬೇಕು ಅಂದ. ನನಗೆ ಬೇಡ ಅಂದೆ. ಮಿಸ್ ಡೆಲಾನಿ ಮುಂದಿನ ಪ್ರಶ್ನೆ ಹುಡುಕುತ್ತಿದ್ದಳು. ಅವಳ ಕಾಗದದಲ್ಲಿ ಅದು ಇದ್ದಂತಿರಲಿಲ್ಲ. ಅವಳು ಕೇಳುವ ಮೊದಲೇ ನಾನು ಹೇಳಿದೆ. ಮರದ ಬಿಲ್ಲೆಗಳ ಡಬ್ಬಿ. ಕೋಟಿನ ತೋಳು. ಕೀಲಿ ಬಿದ್ದದ್ದು, ಅವನಿಗೆ ಸಿಗದೆ ಹೋದದ್ದು, ನಾನು ಎತ್ತಿ ಕೊಟ್ಟದ್ದು. ಹೇಳುವಾಗ ದನಿ ನಡುಗಲಿಲ್ಲ. ಸಾಲು ಹೇಳಿದ್ದರೆ ನಡುಗುತ್ತಿತ್ತೋ ಏನೋ.

ಹೊರಗೆ ಮೊಗಸಾಲೆಯಲ್ಲಿ ಟ್ರೆವರ್ ಗೋಡೆಗೆ ಒರಗಿ ನಿಂತ. ಟೈ ಸಡಿಲವಾಗಿತ್ತು.

"ಇನ್ನು ವಾದ ಮಾಡೋಕೆ ಏನೂ ಉಳಿದಿಲ್ಲ ಮೇಡಂ. ವಿಮೆ ಅಷ್ಟೂ ಕೊಡ್ತಾರೆ. ಅವ್ರು ಅಷ್ಟಕ್ಕೆ ಒಪ್ಪಿದ್ರೆ ಸರಿ. ಇಲ್ಲಾಂದ್ರೆ ಬಾರು ಮಾರ್ಬೇಕಾಗತ್ತೆ."

"ಮಾರೋಣ. ಮಾರೋದು ಬಿಟ್ಟು ನನಗೆ ಇನ್ಯಾವ ಕೆಲ್ಸ ಗೊತ್ತು?"

ಈ ಸಲ ಅವನು ನಕ್ಕ. ನಗಬಾರದೆಂದುಕೊಂಡೇ ನಕ್ಕ. ಆಮೇಲೆ, "ನನ್ನ ಅಮ್ಮನಿಗೆ ಈ ಕಥೆ ಹೇಳ್ತೀನಿ, ಹೆಸರು ಹೇಳಲ್ಲ" ಅಂದ. ಹೇಳಿದರೂ ಪರವಾಗಿಲ್ಲ ಅಂದೆ.

ಕಾರು ನಿಲ್ಲಿಸಿದಲ್ಲಿಗೆ ಬಂದರೆ ಬ್ರಿಟಾ ಅಲ್ಲಿ ನಿಂತಿದ್ದಳು. ನಮ್ಮ ಕಾರುಗಳ ನಡುವೆ ಒಂದೇ ಕಾರಿನ ಜಾಗ. ತಪ್ಪಿಸಿಕೊಂಡು ಹೋಗುವಂತಿರಲಿಲ್ಲ, ನನಗೆ ಹಾಗೆ ಹೋಗುವ ಮನಸ್ಸೂ ಇರಲಿಲ್ಲ.

"ನಿಮಗೆ ಗೊತ್ತಿತ್ತು" ಅಂದಳು.

"ಗೊತ್ತಿತ್ತು."

"ಊರೆಲ್ಲಾ ನನಗೆ ಹೇಳಿದ್ದು ಒಂದೇ. ಯಾರಿಗೂ ಗೊತ್ತಾಗ್ಲಿಲ್ಲ, ಯಾರ ತಪ್ಪೂ ಇಲ್ಲ, ಮಾರ್ಲಿಸ್ ಪಾಪ ಒಂಟಿ ಹೆಂಗಸು, ನೀನು ಅವರ ಅನ್ನ ಕಿತ್ಕೋತಿದೀಯ ಅಂತ. ಅಂಗಡಿಯಲ್ಲಿ, ಚರ್ಚಲ್ಲಿ, ನನ್ನ ಅತ್ತೆ ಕೂಡಾ. ಕೊನೆಕೊನೆಗೆ ನಾನೂ ನಂಬಿಬಿಟ್ಟಿದ್ದೆ. ದುಡ್ಡಿಗೆ ಆಸೆ ಬಿದ್ದು ಒಬ್ರು ಒಳ್ಳೆಯವರ ಮೇಲೆ ಕೇಸ್ ಹಾಕಿದೀನೇನೋ ಅಂತ. ಕೈಗಿಂತ ಅದೇ ಜಾಸ್ತಿ ನೋಯ್ತಿತ್ತು."

ಕ್ಷಮಿಸು ಎಂದು ಹೇಳಬೇಕಿತ್ತು. "ಹಾಕಿದ್ದು ಸರಿಯಾಗಿಯೇ ಹಾಕಿದೀಯ" ಅಂದೆ. ನನ್ನ ಬಾಯಿಂದ ಬಂದದ್ದು ಅದು.

ಅವಳು ಅಳಲಿಲ್ಲ. ಎಡಗೈಯಿಂದ ಕಾರಿನ ಬಾಗಿಲು ತೆಗೆದು, ಒಳಗೆ ಕೂರುವ ಮೊದಲು ತಿರುಗಿದಳು.

"ಎಂಟು ತಿಂಗಳು ಮಾರ್ಲಿಸ್. ಬಾರಿಂದ ನಮ್ಮ ಮನೆಗೆ ನಾಲ್ಕು ಮನೆ. ಕೇಸು ಗೀಸು ಇರ್ಲಿ, ಒಂದು ಸಲ ಫೋನ್ ಮಾಡಿ ಹೇಗಿದೀಯೇ ಅಂತ ಕೇಳೋಕಾಗ್ಲಿಲ್ವಾ ನಿಮಗೆ?"

  ಅವಳ ಕಾರು ಹೋಗುವ ತನಕ ನಿಂತಿದ್ದೆ.

ಅಕ್ಟೋಬರ್ 9, ಬುಧವಾರ

ಬೆಳಗ್ಗೆ ಒಂಬತ್ತಕ್ಕೆ ಫೋನ್ ಮಾಡಿದೆ. ನಾನು ಮಾರ್ಲಿಸ್, ಹೇಗಿದೀಯೇ ಅಂದೆ.  ಅವಳು ಫೋನ್ ಇಟ್ಟುಬಿಡಲಿಲ್ಲ.